ಪಿಂಚಣಿಯೂ ಲೇಖನಿಯೂ

ನಿವೃತ್ತಿ ಎಂಬ ಮಾತಿಗೆ ನಮ್ಮ ಭಾಷೆಯಲ್ಲಿ ಎರಡು ಬದುಕುಗಳಿವೆ. ಶಾಸ್ತ್ರಗ್ರಂಥಗಳಲ್ಲಿ ಅದು ಪ್ರವೃತ್ತಿಗೆ ಎದುರಾಗಿ ನಿಲ್ಲುವ ಮಾತು. ಸಂಸಾರದ ಹಂಬಲಗಳಿಂದ ಮನಸ್ಸನ್ನು ಹಿಂದಕ್ಕೆ ತಿರುಗಿಸಿಕೊಳ್ಳುವುದು ಎಂದು ಅಲ್ಲಿ ಅದರ ಅರ್ಥ. ಕಚೇರಿಯ ಕಾಗದಗಳಲ್ಲಿ ಅದೇ ಮಾತು ಬಂದಾಗ ಅಂಥ ಗಹನತೆಯೇನೂ ಇರುವುದಿಲ್ಲ. ಇಂಥ ತಾರೀಖಿನ ಸಂಜೆಯಿಂದ ಇಂಥವರು ತಮ್ಮ ಕುರ್ಚಿಯನ್ನು ಇನ್ನೊಬ್ಬರಿಗೆ ಬಿಟ್ಟುಕೊಡತಕ್ಕದ್ದು ಎಂದಷ್ಟೇ ಅದರ ತಾತ್ಪರ್ಯ. ಆದರೆ ಹಾರ ಹಾಕಿಸಿಕೊಂಡು ಮನೆಗೆ ಬಂದ ಮರುದಿನ ಬೆಳಗ್ಗೆ, ಹತ್ತು ಗಂಟೆಯ ಹೊತ್ತಿಗೆ, ಎಲ್ಲಿಗೂ ಹೋಗಬೇಕಾಗಿಲ್ಲವೆಂಬ ಅರಿವು ಬಂದಾಗ ಈ ಎರಡು ಅರ್ಥಗಳೂ ಒಟ್ಟಿಗೇ ಎದುರಾಗುತ್ತವೆ. ಈಚೆಗೆ ನಿವೃತ್ತರಾದ ಸ್ನೇಹಿತರು ನನ್ನನ್ನು ಆಗಾಗ ಕೇಳುವ ಪ್ರಶ್ನೆ ಒಂದುಂಟು: ಈ ವಯಸ್ಸಿನಲ್ಲಿ ಬರವಣಿಗೆಗೆ ಕೈಹಾಕಬಹುದೆ? ಅದು ಶೋಭಿಸೀತೆ? ಈ ಪ್ರಶ್ನೆಗೆ ಉಪದೇಶದ ಉತ್ತರ ಕೊಡುವ ಅಧಿಕಾರ ನನಗಿಲ್ಲ. ನಮ್ಮ ಸಾಹಿತ್ಯದ ಚರಿತ್ರೆಯೇ ಇದಕ್ಕೆ ಏನು ಉತ್ತರ ಹೇಳುತ್ತದೆ ಎಂಬುದನ್ನು ಮಾತ್ರ ಇಲ್ಲಿ ನೋಡಬಹುದು.

ಮೊದಲು ಗಮನಿಸಬೇಕಾದ ಸಂಗತಿಯೆಂದರೆ, ನಮ್ಮ ಹಿಂದಿನ ಕವಿಗಳಿಗೆ ಈ ಪ್ರಶ್ನೆಯೇ ಇರಲಿಲ್ಲ. ಚಾವುಂಡರಾಯನು ಗಂಗರ ಮಂತ್ರಿ, ಸೇನಾಪತಿ; ತನ್ನ ಹೆಸರಿನಿಂದಲೇ ಪ್ರಸಿದ್ಧವಾದ ಗದ್ಯಪುರಾಣವನ್ನು ಕ್ರಿ. ಶ. ೯೭೮ರಲ್ಲಿ ಮುಗಿಸಿದಾಗ ಅವನು ಯಾವ ಅಧಿಕಾರದಿಂದಲೂ ನಿವೃತ್ತನಾಗಿರಲಿಲ್ಲ. ಜನ್ನನು ಹೊಯ್ಸಳರ ಆಸ್ಥಾನದಲ್ಲಿ ಇದ್ದುಕೊಂಡೇ ಯಶೋಧರನ ಕಥೆಯನ್ನು ಬರೆದ. ಪಂಪನಿಗೆ ಅರಿಕೇಸರಿಯ ಆಶ್ರಯವಿತ್ತು, ಧರ್ಮವುರದ ಅಗ್ರಹಾರ ದೊರೆತಿತ್ತು. ಕೈಯಲ್ಲಿ ಶಕ್ತಿಯಿರುವವರೆಗೆ ಕೆಲಸ, ಕೆಲಸದ ಜೊತೆಗೇ ಕಾವ್ಯ. ಇದು ಅವರ ರೀತಿ. ವಯಸ್ಸಾದವನಿಗೆ ಧರ್ಮಶಾಸ್ತ್ರ ವಿಧಿಸಿದ್ದು ವಾನಪ್ರಸ್ಥವನ್ನೇ ಹೊರತು ಗ್ರಂಥರಚನೆಯನ್ನಲ್ಲ. ಒಂದು ನಿರ್ದಿಷ್ಟ ವಯಸ್ಸಿಗೆ ದುಡಿಮೆ ಮುಗಿಯಿತು, ಇನ್ನುಮುಂದೆ ತಿಂಗಳು ತಿಂಗಳು ಅನ್ನಕ್ಕೆ ದಾರಿಯಾಗುತ್ತದೆ, ಹೊತ್ತು ಮಾತ್ರ ನಿನ್ನದು ಎಂಬ ಏರ್ಪಾಟು ಪೂರ್ತಿಯಾಗಿ ಹೊಸ ಕಾಲದ್ದು. ಅದು ಇಂಗ್ಲಿಷರ ಆಡಳಿತದ ಜೊತೆಗೆ ಬಂದದ್ದು. ಮೈಸೂರಿನಂಥ ಸಂಸ್ಥಾನಗಳೂ ಅದನ್ನು ಅನುಸರಿಸಿದವು. ನಮ್ಮ ಜನ ಅದನ್ನು ಪಿಂಚಣಿಯೆಂದು ಕರೆದು ತಮ್ಮದಾಗಿಸಿಕೊಂಡರು.

ಈ ಪಿಂಚಣಿಯನ್ನು ಅರ್ಥಶಾಸ್ತ್ರದ ವಿಷಯವೆಂದಷ್ಟೇ ತಿಳಿದರೆ ಸಾಲದು. ಹೊಸಗನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಅದು ಹಳೆಯ ರಾಜಾಶ್ರಯದ ಸ್ಥಾನವನ್ನು ಸದ್ದಿಲ್ಲದೆ ತುಂಬಿತು ಎಂಬುದು ನನ್ನ ಅಭಿಪ್ರಾಯ. ಈ ಆಶ್ರಯದಾತನಿಗೆ ಒಂದು ವಿಶೇಷ ಗುಣವಿತ್ತು: ತನ್ನನ್ನು ಹೊಗಳೆಂದು ಅವನು ಕೇಳುತ್ತಿರಲಿಲ್ಲ, ಏನು ಬರೆದೆ ಎಂದೂ ಕೇಳುತ್ತಿರಲಿಲ್ಲ. ಈ ಆಶ್ರಯದ ಬೆಲೆಯನ್ನು ತಿಳಿಯಬೇಕಾದರೆ ಅದು ದೊರೆಯದವರನ್ನು ನೆನೆಯಬೇಕು. ನಂದಳಿಕೆಯ ಲಕ್ಷ್ಮೀನಾರಣಪ್ಪ, ಅಂದರೆ ನಮ್ಮ ಮುದ್ದಣ, ಉಡುಪಿಯಲ್ಲಿ ವ್ಯಾಯಾಮದ ಉಪಾಧ್ಯಾಯನಾಗಿದ್ದವನು. ಬಡತನ, ಕ್ಷಯರೋಗ ಇವುಗಳ ನಡುವೆ ಬರೆದು ೧೯೦೧ರಲ್ಲಿ, ಇನ್ನೂ ಮೂವತ್ತರ ಆಸುಪಾಸಿನಲ್ಲಿಯೇ, ತೀರಿಕೊಂಡ. ಅವನಿಗೆ ಸಂಜೆ ಎಂಬುದೊಂದು ದೊರೆತಿದ್ದರೆ ಕನ್ನಡ ಗದ್ಯಕ್ಕೆ ಇನ್ನೇನು ಬರುತ್ತಿತ್ತೋ ಎಂದು ಯೋಚಿಸದ ಕನ್ನಡ ಅಧ್ಯಾಪಕನಿಲ್ಲ.

ಸಂಜೆ ದೊರೆತವರಲ್ಲಿ ಮೊದಲು ನೆನೆಯಬೇಕಾದವರು ಪ್ರಾಕ್ತನವಿಮರ್ಶೆಯ ಇಲಾಖೆಯವರು. ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ. ಎಲ್. ರೈಸ್ ಅವರು ಮೈಸೂರಿನ ಶಾಸನಗಳನ್ನೆಲ್ಲ ಸಂಗ್ರಹಿಸಿ ಸಂಪುಟಗಳಾಗಿ ಅಚ್ಚುಹಾಕಿಸಿ ೧೯೦೬ರಲ್ಲಿ ನಿವೃತ್ತರಾದರು. ಇಂಗ್ಲೆಂಡಿಗೆ ಹೋಗಿ ಸುಮ್ಮನೆ ಕೂಡಲಿಲ್ಲ. ಆ ಶಾಸನಗಳಿಂದ ಹೊರಡುವ ಚರಿತ್ರೆಯನ್ನು ಒಂದೇ ಗ್ರಂಥದಲ್ಲಿ ಅಡಕಮಾಡಿ ೧೯೦೯ರಲ್ಲಿ ಹೊರತಂದರು. ಅವರ ಸ್ಥಾನಕ್ಕೆ ಬಂದ ರಾವ್‌ಬಹದ್ದೂರ್ ಆರ್. ನರಸಿಂಹಾಚಾರ್ಯರು ೧೯೨೨ರಲ್ಲಿ ನಿವೃತ್ತರಾದರು. ಆಗ ಅವರಿಗೆ ಅರವತ್ತೆರಡು ವರ್ಷ. ಮರುವರ್ಷವೇ ಅವರ ಶ್ರವಣಬೆಳಗೊಳದ ಶಾಸನಗಳ ಪರಿಷ್ಕೃತ ಸಂಪುಟ ಪ್ರಕಟವಾಯಿತು. ರೈಸರ ಮೊದಲ ಮುದ್ರಣದಲ್ಲಿ ೧೪೪ ಶಾಸನಗಳಿದ್ದುವು. ಆಚಾರ್ಯರ ಮುದ್ರಣದಲ್ಲಿ ಅವು ೫೦೦ ಆದುವು. ಬೆಟ್ಟದ ಬಂಡೆಗಳ ಮೇಲೆ ಬಗ್ಗಿ ಕುಳಿತು ಅಕ್ಷರ ಅಕ್ಷರವನ್ನು ಓದಿಸಿದ ಇಲಾಖೆಯ ವರ್ಷಗಳ ಫಲ ಅದು.

ಆದರೆ ನಾವು ಇಲ್ಲಿ ಮುಖ್ಯವಾಗಿ ನೋಡಬೇಕಾದದ್ದು ‘ಕರ್ಣಾಟಕ ಕವಿಚರಿತೆ’ಯನ್ನು. ಅದರ ಮೊದಲ ಸಂಪುಟ ೧೯೦೭ರಲ್ಲಿ, ಎರಡನೆಯದು ೧೯೧೯ರಲ್ಲಿ ಹೊರಬಂದುವು. ಮೊದಲ ಸಂಪುಟದ ಕೆಲಸದಲ್ಲಿ ಜೊತೆಗಾರರಾಗಿದ್ದ ಎಸ್. ಜಿ. ನರಸಿಂಹಾಚಾರ್ಯರು ೧೯೦೭ರಲ್ಲಿಯೇ ಕಾಲವಾದರು. ಉಳಿದ ಭಾರ ಒಬ್ಬರದೇ ಆಯಿತು. ಇಲಾಖೆಯ ಕೆಲಸ, ಪ್ರವಾಸ, ವಾರ್ಷಿಕ ವರದಿಗಳು ಇವುಗಳ ನಡುವೆ ಎರಡನೆಯ ಸಂಪುಟಕ್ಕೆ ಹನ್ನೆರಡು ವರ್ಷ ಹಿಡಿಯಿತು. ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳ ಕವಿಗಳ ಚರಿತ್ರೆ, ಹಿಂದಿನ ಸಂಪುಟಗಳಲ್ಲಿ ಬಿಟ್ಟುಹೋದವರ ವಿಷಯ, ಇವು ಉಳಿದೇ ಇದ್ದುವು. ಆ ಮೂರನೆಯ ಸಂಪುಟ ಬಂದದ್ದು ೧೯೨೯ರಲ್ಲಿ, ಅವರು ನಿವೃತ್ತರಾಗಿ ಏಳು ವರ್ಷಗಳ ಮೇಲೆ, ಎಪ್ಪತ್ತರ ಹೊಸ್ತಿಲಲ್ಲಿ. ಅಲ್ಲಿಗೂ ಅವರು ಲೇಖನಿಯನ್ನು ಕೆಳಗಿಡಲಿಲ್ಲ. ಕನ್ನಡ ಭಾಷೆಯ ಚರಿತ್ರೆಯನ್ನು ಕುರಿತ ಇಂಗ್ಲಿಷ್ ಉಪನ್ಯಾಸಗಳ ಗ್ರಂಥ ೧೯೩೪ರಲ್ಲಿ ಪ್ರಕಟವಾಯಿತು. ೧೯೩೬ರಲ್ಲಿ ಅವರು ತೀರಿಕೊಂಡರು. ಈ ಹದಿನಾಲ್ಕು ವರ್ಷಗಳು ಅವರಿಗೆ ದೊರೆಯದೆ ಹೋಗಿದ್ದರೆ ಕವಿಚರಿತೆ ಹದಿನೇಳನೆಯ ಶತಮಾನಕ್ಕೆ ನಿಂತುಬಿಡುತ್ತಿತ್ತು. ಓಲೆಗರಿಯ ಕಟ್ಟುಗಳಲ್ಲಿ ಹುದುಗಿದ್ದ ಎಷ್ಟು ಕವಿಗಳ ಹೆಸರು ಹುಳುಗಳ ಪಾಲಾಗುತ್ತಿತ್ತೋ ಹೇಳುವುದು ಕಷ್ಟ.

ಇದು ಒಂದು ಬಗೆ. ಸೇವೆಯಲ್ಲಿದ್ದಾಗ ಕೂಡಿಟ್ಟ ವಿದ್ವತ್ತನ್ನು ನಿವೃತ್ತಿಯಲ್ಲಿ ಗ್ರಂಥವಾಗಿ ಕಟ್ಟುವುದು. ಎ. ಆರ್. ಕೃಷ್ಣಶಾಸ್ತ್ರಿಗಳೂ ಈ ಬಗೆಯವರೇ. ‘ಪ್ರಬುದ್ಧ ಕರ್ಣಾಟಕ’ವನ್ನು ಹುಟ್ಟುಹಾಕಿದವರು, ಒಂದು ತಲೆಮಾರಿಗೇ ಕನ್ನಡವನ್ನು ಕಲಿಸಿದವರು. ಮೇಷ್ಟರ ಕೆಲಸದ ಸ್ವಭಾವ ಎಲ್ಲರಿಗೂ ತಿಳಿದದ್ದೇ. ಇತರರ ಬರಹವನ್ನು ತಿದ್ದುವುದರಲ್ಲಿ ತನ್ನ ಬರಹಕ್ಕೆ ಕಾಲ ಉಳಿಯುವುದಿಲ್ಲ. ನಿವೃತ್ತಿಯ ಅನಂತರ ಅವರು ವ್ಯಾಸಭಾರತವನ್ನು ಒಂದು ಸಂಪುಟದ ಕನ್ನಡ ಗದ್ಯಕ್ಕೆ ಇಳಿಸುವ ಕೆಲಸಕ್ಕೆ ಕುಳಿತರು. ೧೯೫೦ರಲ್ಲಿ ‘ವಚನಭಾರತ’ ಬಂದಿತು. ಪಂಡಿತರೇ ಬೆಚ್ಚುವಂಥ ಆ ಮಹಾಗ್ರಂಥ ಮನೆಮನೆಯ ಅಜ್ಜಿಯೂ ಶಾಲೆಯ ಹುಡುಗನೂ ಓದಬಹುದಾದ ಪುಸ್ತಕವಾಯಿತು. ಆ ಗದ್ಯದ ಸರಳತೆ ಯುವಕನಿಗೆ ಸುಲಭವಾಗಿ ಒದಗುವ ಸರಳತೆಯಲ್ಲ. ಹತ್ತಾರು ವರ್ಷ ತರಗತಿಯಲ್ಲಿ ನಿಂತು, ಯಾವ ಮಾತು ಕೇಳುವವನ ಮನಸ್ಸಿಗೆ ಹೋಗುತ್ತದೆ, ಯಾವುದು ಕಿವಿಯಲ್ಲಿಯೇ ನಿಲ್ಲುತ್ತದೆ ಎಂಬುದನ್ನು ಕಂಡುಕೊಂಡವನಿಗೆ ಮಾತ್ರ ಬರುವಂಥದು. ಅವರ ಬಂಕಿಮಚಂದ್ರರನ್ನು ಕುರಿತ ಗ್ರಂಥಕ್ಕೆ ೧೯೬೧ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ಶಾಸ್ತ್ರಿಗಳು ಎಪ್ಪತ್ತು ದಾಟಿದ್ದರು.

ಇನ್ನೊಂದು ಬಗೆಯವರು ವಿದ್ವತ್ತಿನ ಬದಲು ಬದುಕಿನ ಅನುಭವವನ್ನೇ ಬಂಡವಾಳವಾಗಿ ಹೂಡಿದವರು. ನವರತ್ನ ರಾಮರಾಯರು ಮೈಸೂರು ಸಂಸ್ಥಾನದಲ್ಲಿ ಅಮಲ್ದಾರಿಕೆಯಿಂದ ಮೊದಲುಗೊಂಡು ದೊಡ್ಡ ಹುದ್ದೆಗಳವರೆಗೆ ನಡೆದವರು. ರಾಜಾಜಿಯವರಿಗೆ ಕಾಲೇಜಿನ ದಿನಗಳಿಂದ ಆಪ್ತಮಿತ್ರರು. ಅವರ ‘ಕೆಲವು ನೆನಪುಗಳು’ ೧೯೫೪ರಲ್ಲಿ ಪ್ರಕಟವಾದಾಗ ಅವರ ವಯಸ್ಸು ಎಪ್ಪತ್ತೇಳು. ಕನ್ನಡಿಗರು ಇಂದಿಗೂ ಅವರನ್ನು ನೆನೆಯುವುದು ಮುಖ್ಯವಾಗಿ ಈ ಒಂದು ಪುಸ್ತಕದಿಂದ. ಒಬ್ಬ ಅಮಲ್ದಾರ ಕಂಡ ಹಳ್ಳಿ, ಶಾನುಭೋಗ, ಪಟೇಲ, ರೈತ, ಜಗಳ, ರಾಜಿ ಇವೆಲ್ಲ ಅದುವರೆಗೆ ರಿಕಾರ್ಡುಗಳಲ್ಲಿ ಮಾತ್ರ ಇದ್ದುವು. ರಿಕಾರ್ಡಿನಲ್ಲಿ ಕಂದಾಯದ ಬಾಕಿ ಇರುತ್ತದೆ. ಬಾಕಿ ಉಳಿಸಿಕೊಂಡವನ ಮುಖ ಇರುವುದಿಲ್ಲ. ಆ ಮುಖವನ್ನು ಕಂಡವರು ಅಧಿಕಾರಿಗಳು. ಆದರೆ ಕಂಡದ್ದನ್ನು ಹೇಳುವ ಸ್ವಾತಂತ್ರ್ಯ ಸೇವೆಯಲ್ಲಿರುವಾಗ ಅವರಿಗಿರಲಿಲ್ಲ. ಅಧಿಕಾರಿಯ ಬಾಯಿಗೆ ಹುದ್ದೆಯ ಬೀಗವಿರುತ್ತದೆ. ಅಲ್ಲದೆ ಮೇಲಿನ ಕಚೇರಿಗಳ ವ್ಯವಹಾರ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ನಡೆಯುತ್ತಿದ್ದುದರಿಂದ ಕೈಗೆ ಕನ್ನಡದ ರೂಢಿಯೂ ತಪ್ಪುತ್ತಿತ್ತು. ನಿವೃತ್ತಿ ಅವರ ಬಾಯ ಬೀಗವನ್ನು ತೆಗೆಯಿತು. ಮನೆಮಾತಿಗೆ ಮರಳುವ ದಾರಿಯನ್ನೂ ತೋರಿಸಿತು.

ಎಂ. ಆರ್. ಶ್ರೀನಿವಾಸಮೂರ್ತಿಗಳ ‘ರಂಗಣ್ಣನ ಕನಸಿನ ದಿನಗಳು’ ಇದೇ ಅನುಭವದ್ರವ್ಯ ಕಥೆಯ ರೂಪವನ್ನು ತಳೆದುದಕ್ಕೆ ಒಳ್ಳೆಯ ನಿದರ್ಶನ. ಜನಾರ್ದನಪುರದ ರೇಂಜಿಗೆ ಇನ್‌ಸ್ಪೆಕ್ಟರಾಗಿ ಬರುವ ರಂಗಣ್ಣ, ಸೋರುವ ಶಾಲೆಗಳು, ಸಂಬಳಕ್ಕೆ ಸಾಲದೆ ಸೊರಗಿದ ಮೇಷ್ಟರುಗಳು, ಹಳ್ಳಿಯ ಪ್ರಮುಖರ ಪ್ರತಿಷ್ಠೆಗಳು. ಇವನ್ನು ವಿದ್ಯಾ ಇಲಾಖೆಯಲ್ಲಿ ಬಹುಕಾಲ ದುಡಿದ ಮೂರ್ತಿಗಳು ಕಂಡಷ್ಟು ಹತ್ತಿರದಿಂದ ಕಾಣುವುದು ಹೊರಗಿನವನಿಗೆ ಸಾಧ್ಯವಿರಲಿಲ್ಲ. ಆ ಪುಸ್ತಕ ಪ್ರಕಟವಾದದ್ದು ೧೯೪೯ರಲ್ಲಿ. ಮರುವರ್ಷ ಸೊಲ್ಲಾಪುರದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ. ೧೯೫೩ರಲ್ಲಿ ಅವರು ಇಲ್ಲವಾದರು. ನರಸಿಂಹಾಚಾರ್ಯರಿಗೆ ಹದಿನಾಲ್ಕು ವರ್ಷ ದೊರೆತುವು. ಮೂರ್ತಿಗಳಿಗೆ ದೊರೆತದ್ದು ಕೆಲವೇ ವರ್ಷ. ಈ ಲೆಕ್ಕ ನಮಗೆ ಮೊದಲೇ ತಿಳಿದಿರುವುದಿಲ್ಲ. ‘ಮುಂದಿನ ವರ್ಷ ಶುರುಮಾಡೋಣ’ ಎನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ವಿಷಯ ಸ್ವಲ್ಪ ಬೇರೆ. ಅವರು ಸೇವೆಯಲ್ಲಿದ್ದಾಗಲೇ ಸಣ್ಣಕಥೆಗಳ ಜನಕರೆಂದು ಹೆಸರಾದವರು. ೧೯೧೪ರಲ್ಲಿ ಮೈಸೂರು ಸಿವಿಲ್ ಸರ್ವೀಸಿಗೆ ಸೇರಿ, ತಮಗೆ ನ್ಯಾಯವಾಗಿ ಬರಬೇಕಾದ ಸ್ಥಾನ ಕಿರಿಯರೊಬ್ಬರಿಗೆ ಹೋದಾಗ, ೧೯೪೩ರಲ್ಲಿ ರಾಜೀನಾಮೆಯಿತ್ತು ಹೊರಬಂದರು. ಸಾಮಾನ್ಯ ಮನುಷ್ಯನಾಗಿದ್ದರೆ ಉಳಿದ ಆಯುಸ್ಸನ್ನು ಆ ನೋವಿನ ಜಪದಲ್ಲಿ ಕಳೆಯುತ್ತಿದ್ದ. ಮಾಸ್ತಿಯವರು ಮರುವರ್ಷದಿಂದ ‘ಜೀವನ’ ಪತ್ರಿಕೆಯ ಸಂಪಾದಕತ್ವವನ್ನು ವಹಿಸಿಕೊಂಡು ೧೯೬೫ರವರೆಗೆ ನಡೆಸಿದರು. ಅವರ ದೊಡ್ಡ ಕಾದಂಬರಿಗಳು ಬಂದದ್ದು ಈ ಕಾಲದಲ್ಲಿಯೇ. ಕೊಡಗಿನ ಕೊನೆಯ ರಾಜನನ್ನು ಕುರಿತ ‘ಚಿಕವೀರ ರಾಜೇಂದ್ರ’ ೧೯೫೬ರಲ್ಲಿ ಪ್ರಕಟವಾಯಿತು. ರಾಜ ಕೆಟ್ಟರೆ ರಾಜ್ಯ ಹೇಗೆ ಕೆಡುತ್ತದೆ, ಮಂತ್ರಿಗಳು ಎಲ್ಲಿಯವರೆಗೆ ಸಹಿಸುತ್ತಾರೆ, ಆಜ್ಞೆ ಮೇಲಿನಿಂದ ಕೆಳಕ್ಕೆ ಬರುವಾಗ ಏನೇನು ಬಣ್ಣ ತಾಳುತ್ತದೆ, ಹೊರಗಿನ ದೊರೆತನ ಒಳಗಿನ ಬಿರುಕನ್ನು ಹೇಗೆ ಕಾದು ಕುಳಿತಿರುತ್ತದೆ. ಈ ತಿಳಿವಳಿಕೆಯ ಹಿಂದೆ ಮೂವತ್ತು ವರ್ಷದ ಆಡಳಿತದ ಅನುಭವವಿದೆ. ಆದರೆ ತಮ್ಮ ಸ್ವಂತ ಅಸಮಾಧಾನದ ಒಂದು ಹನಿಯನ್ನೂ ಅವರು ಆ ಕಥೆಯೊಳಗೆ ಬೀಳಗೊಡಲಿಲ್ಲ. ೧೯೮೩ರ ಜ್ಞಾನಪೀಠ ಪ್ರಶಸ್ತಿಗೆ ನಿಮಿತ್ತವಾದದ್ದು ಈ ಕಾದಂಬರಿಯೇ. ಹುದ್ದೆಯಲ್ಲಿ ಸೋತವರು ಭಾಷೆಯಲ್ಲಿ ಗೆದ್ದರು ಎಂದು ಹೇಳುವುದು ಚೆಂದವಾದೀತು; ಹುದ್ದೆಯ ಸೋಲನ್ನು ಬಾಗಿಲ ಹೊರಗೇ ಬಿಟ್ಟುಬಂದರು ಎಂದರೆ ಹೆಚ್ಚು ನಿಜವಾದೀತು.

ವಯಸ್ಸು ಕೊಡುವ ಇನ್ನೊಂದು ವರವನ್ನು ತೋರಿಸಿದವರು ಎ. ಎನ್. ಮೂರ್ತಿರಾಯರು. ಇಂಗ್ಲಿಷ್ ಅಧ್ಯಾಪಕರಾಗಿ ೧೯೫೫ರಲ್ಲಿ ನಿವೃತ್ತರಾದ ಅವರು ಅದಾದ ಮೇಲೆ ನಲವತ್ತೆಂಟು ವರ್ಷ ಬದುಕಿದರು. ‘ಹಗಲುಗನಸುಗಳು’ ಬರೆದಾಗ ಅವರಿನ್ನೂ ನಲವತ್ತನ್ನು ಮುಟ್ಟಿರಲಿಲ್ಲ. ‘ಚಿತ್ರಗಳು ಪತ್ರಗಳು’ ಎಂಬ ಪುಸ್ತಕಕ್ಕೆ ೧೯೭೯ರಲ್ಲಿ ಅಕಾಡೆಮಿ ಪ್ರಶಸ್ತಿ ಬಂದಾಗ ಎಂಬತ್ತನ್ನು ಸಮೀಪಿಸಿದ್ದರು. ತಮ್ಮ ಪ್ರವಾಸಕಥನಕ್ಕೆ ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಎಂದು ಹೆಸರಿಟ್ಟು ತಮ್ಮ ವಯಸ್ಸನ್ನು ಮುಚ್ಚಿಕೊಳ್ಳದೆ ಅದರಿಂದಲೇ ನಗೆಯನ್ನು ಹೊರಡಿಸಿದರು. ಕೊನೆಗೆ ೧೯೯೧ರಲ್ಲಿ, ತೊಂಬತ್ತು ದಾಟಿದ ಮೇಲೆ, ‘ದೇವರು’ ಎಂಬ ಗ್ರಂಥವನ್ನು ಪ್ರಕಟಿಸಿದರು. ಸಾಮಾನ್ಯವಾಗಿ ಮುಪ್ಪಿನಲ್ಲಿ ಜನ ದೇವರ ಕಡೆಗೆ ಸರಿಯುತ್ತಾರೆ ಎಂಬ ಮಾತಿದೆ. ಮೂರ್ತಿರಾಯರು ಆ ವಯಸ್ಸಿನಲ್ಲಿ ದೇವರೆಂಬ ಕಲ್ಪನೆಯನ್ನೇ ಎದುರಿಗೆ ಕೂರಿಸಿಕೊಂಡು, ಯಾರ ಮನಸ್ಸನ್ನೂ ನೋಯಿಸಬೇಕೆಂಬ ಹಟವಿಲ್ಲದೆ, ಯಾರ ಮುಲಾಜಿಗೂ ಒಳಗಾಗದೆ ಪ್ರಶ್ನಿಸಿದರು. ಅವರ ನಿಲುವನ್ನು ಒಪ್ಪದವರೂ ಆ ಧೈರ್ಯವನ್ನೂ ಸೌಜನ್ಯವನ್ನೂ ಒಪ್ಪಿದರು. ಬಡ್ತಿ, ವರ್ಗ, ಮೇಲಧಿಕಾರಿಯ ಮರ್ಜಿ ಎಲ್ಲವೂ ಹಿಂದೆ ಬಿದ್ದವನಿಗೆ ಮಾತ್ರ ಸಿಕ್ಕುವ ಸ್ವಾತಂತ್ರ್ಯ ಅದು.

ಪ್ರೊಫೆಸರ್ ಜಿ. ವೆಂಕಟಸುಬ್ಬಯ್ಯನವರನ್ನು ನೆನೆಯದೆ ಈ ಪ್ರಸಂಗ ಮುಗಿಯದು. ೧೯೭೩ರಲ್ಲಿ ಕಾಲೇಜಿನಿಂದ ನಿವೃತ್ತರಾದ ಅವರು ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಪ್ರಧಾನ ಸಂಪಾದಕರಾಗಿ ದುಡಿದರು. ಎಂಟು ಸಂಪುಟಗಳ ಆ ಮಹಾಕಾರ್ಯ ಕೊನೆಮುಟ್ಟಿದ್ದು ೧೯೯೫ರಲ್ಲಿ. ಈ ನಡುವೆ ೧೯೯೧ರಿಂದ ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣವನ್ನು ಆರಂಭಿಸಿ, ಊರೂರುಗಳಿಂದ ಓದುಗರು ಕೇಳುತ್ತಿದ್ದ ಶಬ್ದಗಳಿಗೆ ಅರ್ಥ ಹೇಳುತ್ತ ಹೋದರು. ಆಗ ಅವರಿಗೆ ಎಪ್ಪತ್ತೆಂಟು ವರ್ಷ. ೨೦೨೧ರಲ್ಲಿ, ನೂರೇಳು ವರ್ಷ ತುಂಬಿ, ಅವರು ತೀರಿಕೊಂಡರು. ಇಲ್ಲಿ ಕಾಣುವುದು ಸ್ಫೂರ್ತಿಯ ಮಿಂಚಲ್ಲ. ದಿನವೂ ಒಂದೇ ಹೊತ್ತಿಗೆ ಮೇಜಿನ ಮುಂದೆ ಕೂಡುವ ಶಿಸ್ತು. ಮೇಷ್ಟರ ಗಂಟೆ ನಿಂತರೂ ಅವರ ಕೈಗಡಿಯಾರ ನಿಲ್ಲಲಿಲ್ಲ.

ಈ ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಒಂದು ಆಕ್ಷೇಪ ಏಳುತ್ತದೆ, ಅದನ್ನು ಮರೆಮಾಚಬಾರದು. ಇವರೆಲ್ಲರೂ ಗಂಡಸರು, ಇಂಗ್ಲಿಷ್ ಕಲಿತವರು, ಸರ್ಕಾರದ ಅಥವಾ ಕಾಲೇಜಿನ ಕೆಲಸ ದೊರೆತವರು. ಪಿಂಚಣಿಯೆಂಬ ಆಶ್ರಯದಾತನ ಪರಿಚಯ ಬಹುಕಾಲ ಕೆಲವೇ ಮನೆತನಗಳಿಗೆ ಇತ್ತು. ನೇಗಿಲು ಹಿಡಿದವನಿಗೆ, ಮಗ್ಗದ ಮುಂದೆ ಕುಳಿತವನಿಗೆ ನಿವೃತ್ತಿ ಇರಲಿಲ್ಲ. ಅಡುಗೆಮನೆಯಲ್ಲಿದ್ದವಳಿಗಂತೂ ಇರಲೇ ಇಲ್ಲ. ಯಜಮಾನರು ನಿವೃತ್ತರಾದ ದಿನದಿಂದ ಅವಳ ಕೆಲಸ ಹೆಚ್ಚಾಯಿತೆಂದೇ ಹೇಳಬೇಕು. ಆ ಬರಹಗಾರರ ಬಿಡುವಿನ ಹಿಂದೆ ಹೊತ್ತುಹೊತ್ತಿಗೆ ಕಾಫಿ, ಬಿಸಿ ಊಟ ಒದಗಿಸಿದ ಕೈಗಳಿದ್ದುವು. ಹೀಗಿರುವಲ್ಲಿ ಎಂ. ಕೆ. ಇಂದಿರಾ ಅವರ ಉದಾಹರಣೆ ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ. ಮಲೆನಾಡಿನಲ್ಲಿ ಹುಟ್ಟಿ, ಶಾಲೆಯ ಓದು ಎಳೆಯದರಲ್ಲಿಯೇ ನಿಂತು, ಸಂಸಾರದ ಹೊಣೆ ಹೊತ್ತ ಆಕೆ ಕಾದಂಬರಿಯ ಬರವಣಿಗೆಗೆ ತೊಡಗಿದ್ದು ನಲವತ್ತು ದಾಟಿದ ಮೇಲೆ; ಮೊದಲ ಕಾದಂಬರಿ ‘ತುಂಗಭದ್ರ’ ಬಂದದ್ದು ೧೯೬೩ರಲ್ಲಿ. ೧೯೭೬ರ ‘ಫಣಿಯಮ್ಮ’ದಲ್ಲಿ ಬಾಲ್ಯದಲ್ಲಿಯೇ ವಿಧವೆಯಾದ ಹೆಣ್ಣೊಬ್ಬಳ ಇಡೀ ಬಾಳು, ಮನೆಯ ಹೆಂಗಸರ ಬಾಯಿಂದ ಬಾಯಿಗೆ ಬಂದ ನೆನಪು, ಅಕ್ಷರಕ್ಕೆ ಇಳಿಯಿತು. ಯಾವ ಸರ್ಕಾರದ ರಿಕಾರ್ಡಿನಲ್ಲಿಯೂ ಫಣಿಯಮ್ಮನ ಕಡತವಿರಲಿಲ್ಲ. ತಡವಾಗಿ ಲೇಖನಿ ಹಿಡಿದ ಒಬ್ಬ ಗೃಹಿಣಿ ಇಲ್ಲದಿದ್ದರೆ ಆ ಬಾಳು ಆ ಮನೆಯ ಗೋಡೆಗಳೊಳಗೇ ಮುಗಿದುಹೋಗುತ್ತಿತ್ತು.

ಹಾಗಾದರೆ ಚರಿತ್ರೆ ನಮ್ಮ ಸ್ನೇಹಿತರ ಪ್ರಶ್ನೆಗೆ ಕೊಡುವ ಉತ್ತರವೇನು? ನಿವೃತ್ತಿ ಯಾರನ್ನೂ ಬರಹಗಾರನನ್ನಾಗಿ ಮಾಡುವುದಿಲ್ಲ ಎಂಬುದು ಮೊದಲ ಮಾತು. ಹೆಸರಿಸಿದವರಲ್ಲಿ ಬಹುಪಾಲು ಜನ ಮೊದಲಿನಿಂದಲೂ ಓದುತ್ತ, ಏನಾದರೊಂದು ಬರೆಯುತ್ತ ಕೈಯನ್ನು ಪಳಗಿಸಿಕೊಂಡಿದ್ದವರು. ಎರಡನೆಯದು, ಬಿಡುವೊಂದೇ ಇದ್ದರೆ ಸಾಲದು. ಇತರರಿಗೆ ತಿಳಿಯದ ಯಾವುದೋ ಒಂದು ಸಂಗತಿ ತನಗೆ ತಿಳಿದಿದೆ, ಅದನ್ನು ಹೇಳದೆ ಹೋದರೆ ನಷ್ಟವಾಗುತ್ತದೆ ಎಂಬ ಕಳವಳವೂ ಇರಬೇಕು. ಈ ಕಳವಳವಿಲ್ಲದ ಬರಹ ಎರಡು ಹಳ್ಳಗಳಲ್ಲಿ ಒಂದಕ್ಕೆ ಬೀಳುತ್ತದೆ. ಒಂದು, ತನ್ನ ಸೇವಾವಧಿಯಲ್ಲಿ ನಡೆದ ಜಗಳಗಳಲ್ಲೆಲ್ಲ ತನ್ನದೇ ಸರಿಯೆಂದು ಮೇಲ್ಮನವಿ ಸಲ್ಲಿಸುವ ಆತ್ಮಕಥೆ. ಇನ್ನೊಂದು, ಸ್ವಂತ ಖರ್ಚಿನಲ್ಲಿ ಅಚ್ಚಾಗಿ ಮದುವೆಮನೆಯ ತಾಂಬೂಲದೊಂದಿಗೆ ಹಂಚಿಹೋಗುವ ಕವನಸಂಗ್ರಹ. ಎರಡನ್ನೂ ಪರಿಹಾಸ್ಯ ಮಾಡುವುದು ಸುಲಭ. ಆದರೆ ಅವುಗಳ ಹಿಂದೆಯೂ ಮರೆತುಹೋಗಬಾರದೆಂಬ ಮನುಷ್ಯಸಹಜವಾದ ಆಸೆಯಿದೆ. ಆ ಆಸೆ ತನ್ನ ಹೆಸರಿನ ಸುತ್ತ ಸುತ್ತುವುದನ್ನು ಬಿಟ್ಟು ತಾನು ಕಂಡ ಜನರ ಕಡೆಗೆ ತಿರುಗಿದರೆ ಸಾಕು, ಅದೇ ಸಾಹಿತ್ಯದ ಬೀಜವಾಗುತ್ತದೆ.

ಇಂದು ಪರಿಸ್ಥಿತಿ ಬದಲಾಗಿದೆ. ನಿವೃತ್ತರ ಸಂಖ್ಯೆ ಹಿಂದಿನದಕ್ಕಿಂತ ಬಹಳ ಹೆಚ್ಚು. ನಿವೃತ್ತಿಯ ಅನಂತರದ ಆಯುಸ್ಸೂ ಹೆಚ್ಚು. ಹಳ್ಳಿಯ ಶಾಲೆಯ ಉಪಾಧ್ಯಾಯಿನಿ, ಸೈಕಲ್ಲಿನಲ್ಲಿ ಹತ್ತೂರು ಸುತ್ತಿದ ಅಂಚೆಯ ಅಣ್ಣ, ಸರ್ಕಾರಿ ಆಸ್ಪತ್ರೆಯ ದಾದಿ, ಬಸ್ಸಿನ ಕಂಡಕ್ಟರು, ಗಿರಣಿಯ ಕೆಲಸಗಾರ, ನೀರಗಂಟಿ. ಇವರೆಲ್ಲ ಒಂದು ಕಾಲದ ಕನ್ನಡನಾಡನ್ನು ಅದರ ಒಳಗಿನಿಂದ ಕಂಡವರು. ೧೯೫೬ಕ್ಕೆ ಹಿಂದಿನ ಹರಿದುಹಂಚಿಹೋಗಿದ್ದ ಪ್ರಾಂತಗಳ ಬದುಕನ್ನು ಬೆಳೆದ ಕಣ್ಣಿನಿಂದ ಕಂಡವರು ಈಗ ಬೆರಳೆಣಿಕೆಯಷ್ಟು. ಅನಂತರದ ದಶಕಗಳಲ್ಲಿ ಕೆರೆಗಳು ಬತ್ತಿದ್ದನ್ನು, ಹಳ್ಳಿಗೆ ವಿದ್ಯುತ್ತು ಬಂದದ್ದನ್ನು, ಮೊದಲ ತಲೆಮಾರಿನ ಹುಡುಗಿಯರು ಹೈಸ್ಕೂಲಿನ ಮೆಟ್ಟಿಲು ಹತ್ತಿದ್ದನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಇವರ ಬಳಿ ನರಸಿಂಹಾಚಾರ್ಯರ ಪಾಂಡಿತ್ಯ ಇಲ್ಲದಿರಬಹುದು. ಆದರೆ ನವರತ್ನ ರಾಮರಾಯರ ಬಳಿ ಇದ್ದ ಬಂಡವಾಳ, ಅಂದರೆ ಹತ್ತಿರದಿಂದ ಕಂಡ ಮುಖಗಳು, ಬೇಕಾದಷ್ಟಿವೆ.

ದೊಡ್ಡ ಗ್ರಂಥವನ್ನೇ ಬರೆಯಬೇಕೆಂದು ಹೊರಡುವ ಅಗತ್ಯವಿಲ್ಲ. ತಮ್ಮ ಊರಿನ ಸಂತೆ ಹೇಗೆ ನಡೆಯುತ್ತಿತ್ತು, ಬರಗಾಲದ ವರ್ಷ ಜನ ಏನು ತಿಂದರು, ತಮ್ಮ ಕಸುಬಿನ ಯಾವ ಮಾತುಗಳು ಈಗ ಯಾರಿಗೂ ತಿಳಿಯುವುದಿಲ್ಲ ಎಂಬುದನ್ನು ನೂರು ಪುಟದ ಒಂದು ನೋಟುಬುಕ್ಕಿನಲ್ಲಿ ಸ್ಪಷ್ಟವಾಗಿ ಬರೆದಿಟ್ಟರೂ ಸಾಕು. ಮುಂದೆ ನಿಘಂಟು ಕಟ್ಟುವವರಿಗೆ, ಚರಿತ್ರೆ ಬರೆಯುವವರಿಗೆ, ಕಥೆ ಹೇಳುವವರಿಗೆ ಅದು ಬೇಕಾಗುತ್ತದೆ. ಬರೆದದ್ದು ಸಾಹಿತ್ಯವಾಯಿತೇ ಇಲ್ಲವೇ ಎಂಬ ತೀರ್ಮಾನವನ್ನು ಅವರಿಗೆ ಬಿಡಬಹುದು. ನಾಳೆ ಬೆಳಗ್ಗೆ ಹತ್ತು ಗಂಟೆಗೆ ಎಲ್ಲಿಗೂ ಹೋಗಬೇಕಾಗಿಲ್ಲದವರು ಮಾಡಬೇಕಾದದ್ದು ಇಷ್ಟೇ: ಒಂದು ಮೇಜು, ಒಂದು ಗೊತ್ತಾದ ಹೊತ್ತು ಇವೆರಡನ್ನೂ ಮನೆಯವರಿಂದ ಕೇಳಿಕೊಂಡು, ಬದಲಿಗೆ ಮನೆಯ ಒಂದು ಕೆಲಸವನ್ನು ತಾವು ವಹಿಸಿಕೊಂಡು, ಕುಳಿತು ಮೊದಲ ಪುಟಕ್ಕೆ ತಾರೀಖು ಹಾಕುವುದು.